ಎಂಜಿನ್ ಆಯಿಲ್ ಸೋರುತ್ತಿದೆಯಾ? ಮೆಕ್ಯಾನಿಕ್ ಹತ್ತಿರ ಕೇಳಿ

ಮೆಕ್ಯಾನಿಕ್: ಇವತ್ತು ಸ್ವಲ್ಪ ಬಿಡುವಿದೆ. ಮನೆಯಲ್ಲೇ ಆಯಿಲ್ ಲೀಕ್ ಸರಿ ಮಾಡಲು ಹೊರಟವರು ಕೇಳಿ. ಪೆಟ್ರೋಲೋ ಡೀಸೆಲ್ಲೋ, ಎಷ್ಟು ಓಡಿದೆ, ಆಯಿಲ್ ಎಲ್ಲಿ ಕಾಣುತ್ತಿದೆ, ಇಷ್ಟು ಬರೆಯಿರಿ. ಬರೀ "ಲೀಕ್ ಆಗ್ತಿದೆ ಸರ್" ಅಂದರೆ ನಾನೇನು ಶಾಸ್ತ್ರ ಹೇಳಲಾ?

ಹೊಸ ಡ್ರೈವರ್: ಪೆಟ್ರೋಲ್ ಸರ್, 60 ಸಾವಿರ ಕಿ.ಮೀ. ಗಾಡಿ ನಿಲ್ಲಿಸಿದ ಕಡೆ ಅಂಗೈ ಅಗಲ ಕಲೆ. ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಪೂರ್ತಿ ಒದ್ದೆ. ಚೇಂಬರ್ ಪ್ಯಾಕಿಂಗ್ (ಸಂದಿ ಮುಚ್ಚುವ ಪಟ್ಟಿ) ಬದಲಿಸಿದರೆ ಸಾಕಾ?

ಮೆಕ್ಯಾನಿಕ್: ಚೇಂಬರ್ ಒದ್ದೆಯಾಗಿದೆ ಅಂದ ಮಾತ್ರಕ್ಕೆ ಅಲ್ಲೇ ಸೋರುತ್ತಿದೆ ಅಂತಲ್ಲ. ಆಯಿಲ್ ಮೇಲಿಂದ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಒದ್ದೆ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಯಾವುದು, ಅದನ್ನು ಹುಡುಕಿ. ಎಂಜಿನ್ ತಣ್ಣಗಿರುವಾಗ ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ ಒರೆಸಿ, ಒಣಗಿಸಿ, ಅನುಮಾನ ಇರುವ ಕಡೆ ಟಾಲ್ಕಂ ಪೌಡರ್ ಉದುರಿಸಿ. ಬೆಲ್ಟ್ ಮೇಲೆ ಬೇಡ. ಹದಿನೈದು ನಿಮಿಷ ಓಡಿಸಿ ಬಂದು ನೋಡಿ. ಬಿಳಿ ಪುಡಿ ಮೇಲೆ ಕಂದು ಗೆರೆ ಎಲ್ಲಿಂದ ಶುರುವಾಗಿದೆಯೋ ಅದೇ ಕಳ್ಳ.

ಬಿಳಿ ಸೆಡಾನ್: ಅಣ್ಣ, ಪೆಟ್ರೋಲ್, 1.4 ಲಕ್ಷ ಕಿ.ಮೀ. ಎಂಜಿನ್ ಮೇಲಿನ ಮುಚ್ಚಳ, ಅದೇ ಟ್ಯಾಪೆಟ್ ಕವರ್, ಅದರ ಪ್ಯಾಕಿಂಗ್ ನಾನೇ ಎರಡು ಸಲ ಬದಲಿಸಿದೆ. ಎರಡು ತಿಂಗಳಲ್ಲಿ ಮತ್ತೆ ಜಿನುಗು. ಈಗ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಬುಡದಲ್ಲೂ ಶುರುವಾಗಿದೆ. ಬೋಲ್ಟ್ ಇನ್ನೂ ಬಿಗಿ ಮಾಡಲಾ?

ಫಾರ್ವರ್ಡ್ ರಾಜ: ಸ್ನೇಹಿತರೇ, ನನಗೆ ಬಂದ ಮೆಸೇಜ್: ಎಂಜಿನ್ ಆಯಿಲ್‌ಗೆ 100 ಎಂ.ಎಲ್. ಬ್ರೇಕ್ ಆಯಿಲ್ ಬೆರೆಸಿದರೆ ಲೀಕ್ ತಾನಾಗೇ ನಿಲ್ಲುತ್ತದೆ. ಎಲ್ಲರಿಗೂ ಶೇರ್ ಮಾಡಿ 🙏

ಮೆಕ್ಯಾನಿಕ್: @ಫಾರ್ವರ್ಡ್ ರಾಜ, ಹಾಕಬೇಡಿ. ಬ್ರೇಕ್ ಆಯಿಲ್ ಎಂಜಿನ್ ಸೀಲುಗಳ ರಬ್ಬರನ್ನು ಉಬ್ಬಿಸುತ್ತದೆ, ಅದಕ್ಕೇ ಮೊದಲು ನಿಂತ ಹಾಗೆ ಕಾಣುತ್ತದೆ. ಆಮೇಲೆ ರಬ್ಬರ್ ಮೆತ್ತಗಾಗಿ ಎಲ್ಲ ಸೀಲೂ ಒಟ್ಟಿಗೆ ಕೈ ಕೊಡುತ್ತವೆ. ಬೇರಿಂಗಿಗೂ ಕೆಡುಕು.

@ಬಿಳಿ ಸೆಡಾನ್, ಬಿಗಿ ಮಾಡಬೇಡಿ! ನಿಮ್ಮದು ನನಗೆ ಕುತೂಹಲದ ಕೇಸು. ಟ್ಯಾಪೆಟ್ ಕವರ್ ಬೋಲ್ಟಿಗೆ ಬೇಕಾಗುವುದು ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಅಷ್ಟೇ. ಅದಕ್ಕಿಂತ ಜಾಸ್ತಿ ತಿರುಗಿಸಿದರೆ ರಬ್ಬರ್ ಜಜ್ಜಿಹೋಗುತ್ತದೆ, ಪ್ಲಾಸ್ಟಿಕ್ ಕವರ್ ಆದರೆ ಬಿರುಕು ಬಿಡುತ್ತದೆ. ಆದರೆ ಎರಡು ಸಲ ಹೊಸ ಪ್ಯಾಕಿಂಗ್ ಹಾಕಿಯೂ ಸೋರುತ್ತಿದೆ, ಸಾಲದ್ದಕ್ಕೆ ಡಿಪ್‌ಸ್ಟಿಕ್ ಹತ್ತಿರವೂ ಆಯಿಲ್ ಬರುತ್ತಿದೆ ಅಂದರೆ ತಪ್ಪು ಪ್ಯಾಕಿಂಗಿನದ್ದಲ್ಲ ಅನ್ನಿಸುತ್ತದೆ. ಒಳಗೆ ಒತ್ತಡ ಕಟ್ಟುತ್ತಿದೆ. ಪಿಸ್ಟನ್ ರಿಂಗ್ ಸಂದಿಯಿಂದ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ನುಸುಳುತ್ತದೆ, ಹೊಸ ಎಂಜಿನ್ನಲ್ಲೂ. ಅದನ್ನು ವಾಪಸ್ ಇನ್‌ಟೇಕಿಗೆ, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ, ಎಳೆದುಕೊಳ್ಳಲು ಪಿಸಿವಿ ವಾಲ್ವ್ ಅಂತ ಒಂದು ಚಿಕ್ಕ ವಾಲ್ವ್, ಒಂದು ಪೈಪ್ ಇರುತ್ತದೆ. ಅದು ಮಸಿಯಿಂದ ಕಟ್ಟಿಕೊಂಡರೆ ಗ್ಯಾಸಿಗೆ ಹೋಗಲು ದಾರಿ ಇಲ್ಲ, ಬಡಪಾಯಿ ಸೀಲ್ ಯಾವುದಿದೆಯೋ ಅದನ್ನೇ ತಳ್ಳಿಕೊಂಡು ಆಯಿಲ್ ಸಮೇತ ಆಚೆ ಬರುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ಆ ಬಾಯಿ ಮೇಲೆ ಒಂದು ದಪ್ಪ ಕಾಗದ ಇಡಿ, ಒಳಗೆ ಬೀಳದ ಹಾಗೆ. ಮೆಲ್ಲಗೆ ಒಳಗೆಳೆದುಕೊಂಡರೆ ಸರಿ. ಎದ್ದೆದ್ದು ಕುಣಿದರೆ ಒತ್ತಡ ಇದೆ. ಆಮೇಲೆ ವಾಲ್ವ್ ಬಿಚ್ಚಿ ಕಿವಿ ಹತ್ತಿರ ಅಲುಗಾಡಿಸಿ, ಟಕಟಕ ಅನ್ನಬೇಕು. ಕೆಲವು ಗಾಡಿಗಳಲ್ಲಿ ಅದು ಕವರ್ ಒಳಗೇ ಕೂತಿರುತ್ತದೆ, ಆಗ ಕವರನ್ನೇ ಬದಲಿಸಬೇಕಾಗಬಹುದು. ನೋಡಿ ಹೇಳಿ, ಕಾಯುತ್ತೇನೆ.

ಹಳೇ ಡೀಸೆಲ್: ಇಷ್ಟೆಲ್ಲ ಯಾಕೆ? 20ಡಬ್ಲ್ಯೂ-50 ಹಾಕಿ. ದಪ್ಪ ಆಯಿಲ್ ಸೋರಲ್ಲ. ಮೂವತ್ತು ವರ್ಷದ ಅನುಭವ.

ಪಾನಾ ಪ್ರಿಯ: ಕಂಪನಿ ತೆಳು ಆಯಿಲ್, 5ಡಬ್ಲ್ಯೂ-30 ಅಂದಿರುವ ಗಾಡಿಗಾ? ತಣ್ಣಗಿರುವಾಗ ದಪ್ಪ ಆಯಿಲ್ ಎಂಜಿನ್ ಮೇಲಿನ ತನಕ ಹತ್ತೋದೇ ನಿಧಾನ ಆಗುತ್ತೆ.

ಹಳೇ ಡೀಸೆಲ್: ಬುಕ್ ಓದಿ ಗಾಡಿ ಓಡಿಸೋರು ನೀವು. ನಾವು ಓಡಿಸಿ ಕಲಿತವರು.

ಪಾನಾ ಪ್ರಿಯ: ಕಲಿತದ್ದು ಕಾಣ್ತಾ ಇದೆ. ಹೋದ ತಿಂಗಳು ಇದೇ ಗುಂಪಲ್ಲಿ "ನನ್ನ ಗಾಡಿ ಹೊಗೆ" ಅಂತ ಫೋಟೋ ಹಾಕಿದ್ದು ಯಾರು?

ಕಾರ್ ಅಮ್ಮ: ಗೇರ್ ಬಾಕ್ಸ್ ಆಯಿಲ್ ಎಷ್ಟು ಕಿ.ಮೀ.ಗೆ ಬದಲಿಸಬೇಕು ಸರ್?

ನೀಲಿ ಹ್ಯಾಚ್: ಸರ್ ಅರ್ಜೆಂಟ್. ನಿನ್ನೆ ನಾನೇ ಆಯಿಲ್, ಫಿಲ್ಟರ್ ಬದಲಿಸಿದೆ. ಇವತ್ತು ಫಿಲ್ಟರ್ ಹತ್ತಿರದಿಂದ ಧಾರೆ. ಕೆಂಪು ಆಯಿಲ್ ಲೈಟ್ ಮಿನುಗಿತು. ಮೆಲ್ಲಗೆ ಮನೆ ತನಕ ಓಡಿಸಲಾ?

ಮೆಕ್ಯಾನಿಕ್: ಎಂಜಿನ್ ಆಫ್ ಮಾಡಿ. ಈಗಲೇ. ಮೆಲ್ಲಗೂ ಬೇಡ, ಎಂಜಿನ್ ಹಿಡಿದುಕೊಂಡು ಸೀಜ್ ಆಗುತ್ತದೆ. ಹಳೇ ಫಿಲ್ಟರ್ ಎಸೆದಿಲ್ಲ ಅಂದರೆ ಅದರ ಬಾಯಿ ನೋಡಿ, ಕಪ್ಪು ರಬ್ಬರ್ ರಿಂಗ್ ಇದೆಯಾ?

ನೀಲಿ ಹ್ಯಾಚ್: ಮನೆಯವರಿಂದ ಫೋಟೋ ತರಿಸಿದೆ. ರಿಂಗ್ ಇಲ್ಲ!

ಮೆಕ್ಯಾನಿಕ್: ಅದು ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆ. ಅದರ ಮೇಲೆ ಹೊಸದು ಕೂತು ಎರಡು ರಿಂಗ್ ಆಗಿದೆ. ಬಿಸಿ ಆರಲಿ. ಫಿಲ್ಟರ್ ಬಿಚ್ಚಿ, ಹಳೇ ರಿಂಗ್ ಕಿತ್ತು, ಜಾಗ ಒರೆಸಿ. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿ, ಪಾನಾ ಬೇಡ. ಡಿಪ್‌ಸ್ಟಿಕ್ ನೋಡಿ ಆಯಿಲ್ ತುಂಬಿಸಿ. ಸ್ಟಾರ್ಟ್ ಮಾಡಿದ ಮೇಲೆ ಲೈಟ್ ಆರಬೇಕು. ಆರಲಿಲ್ಲವೋ, ಗಾಡಿ ಎತ್ತಿಸಿಕೊಂಡು ಹೋಗಿ.

ಸುಮ್ನೆ ಕೇಳ್ದೆ: ಚೇಂಬರ್ ಒದ್ದೆ ಇದೆ, ಪ್ಯಾಕಿಂಗ್ ಬದಲಿಸಲಾ?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ.

ಫಾರ್ವರ್ಡ್ ರಾಜ: ಸರಿ ಬ್ರೇಕ್ ಆಯಿಲ್ ಬೇಡ. ಆದ್ರೆ ಪ್ಯಾಕಿಂಗ್ ಬದಲು ಸಿಲಿಕಾನ್ ಗಮ್ ದಪ್ಪಗೆ ಮೆತ್ತಿದರೆ? ವಿಡಿಯೋದಲ್ಲಿ ತೋರಿಸ್ತಾರೆ.

ಮೆಕ್ಯಾನಿಕ್: ಬಿಚ್ಚಿದ ಚೇಂಬರಲ್ಲಿ ಆ ಗಮ್ಮಿನ ತುಂಡು ಆಯಿಲ್ ಹೀರುವ ಜಾಲರಿಗೆ ಮೆತ್ತಿಕೊಂಡಿದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಒಳಗೆ ಹಿಂಡಿ ಬಂದದ್ದು ಕಳಚಿ ಅಲ್ಲಿಗೇ ಹೋಗುತ್ತದೆ, ಆಯಿಲ್ ಪಂಪಿನ ಗಂಟಲು ಹಿಸುಕಿದ ಹಾಗೆ. ಕಂಪನಿ ಹೇಳಿದ ಮೂಲೆಗೆ ತೆಳ್ಳಗೆ ಎಳೆ, ಅಷ್ಟೇ. ವಿಡಿಯೋ ಮಾಡಿದವನು ನಿಮ್ಮ ಎಂಜಿನ್ ಕಟ್ಟಿಕೊಡಲ್ಲ.

ಕಾರ್ ಅಮ್ಮ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ.

ಹಳೇ ಡೀಸೆಲ್: ಇಲ್ಲಿ ದೊಡ್ಡವರಿಗೆ ಮರ್ಯಾದೆನೇ ಇಲ್ಲ.

ಪಾನಾ ಪ್ರಿಯ: ಆ ಹೊಗೆ ಫೋಟೋ ಇನ್ನೂ ಇದೆ, ಹಾಕ್ಲಾ?

ಹೊಸ ಡ್ರೈವರ್: ಸರ್, ಪುಡಿ ಉದುರಿಸಿದೆ. ಗೆರೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಂದಲೇ. ಈಗ ಜಾಕ್ ಏರಿಸಿ ಕೆಳಗೆ ಮಲಗಿಕೊಂಡೇ ಟೈಪ್ ಮಾಡ್ತಿದ್ದೇನೆ.

ಮೆಕ್ಯಾನಿಕ್: ಆಚೆ ಬನ್ನಿ ಮೊದಲು! ಬರೀ ಜಾಕ್ ನಂಬಿ ಗಾಡಿ ಅಡಿ ಹೋಗುವುದಾ? ಸಮತಟ್ಟಾದ ಜಾಗ, ಚಕ್ರಕ್ಕೆ ಅಡ್ಡ, ಆಮೇಲೆ ಜಾಕ್ ಸ್ಟ್ಯಾಂಡ್. ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸವೇ ಬೇಡ. ಆಯಿಲ್ ಇಳಿಸಿ ಬೋಲ್ಟಿನ ವಾಶರ್ ಹೊಸದು ಹಾಕಿ, ಮುಗೀತು.

ಬಿಳಿ ಸೆಡಾನ್: ಅಣ್ಣ, ಕಾಗದ ಕುಣಿಯಿತು. ವಾಲ್ವ್ ಬಿಚ್ಚಿದೆ, ಅಲುಗಾಡಿಸಿದರೆ ಸದ್ದೇ ಇಲ್ಲ. ಒಳಗೆ ಟಾರಿನಂಥ ಮಸಿ. ತೊಳೆದು ಹಾಕಲಾ?

ಮೆಕ್ಯಾನಿಕ್: ಬೇಡ, ಹೊಸದು. ಪೈಪ್ ಮಾತ್ರ ತೊಳೆಯಿರಿ, ಬಿರುಕಿದ್ದರೆ ಅದನ್ನೂ ಬದಲಿಸಿ. ಆಮೇಲೂ ಕಾಗದ ಕುಣಿದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಸಿಲಿಂಡರ್ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಮೂರನೇ ಪ್ಯಾಕಿಂಗ್ ಈಗಲೇ ತರಬೇಡಿ.

ಸುಮ್ನೆ ಕೇಳ್ದೆ: ಮೇಲೆ ಅಂದ್ರೆ ಎಲ್ಲಿ ಸರ್?