ಮೊಂಗೋಡಿಬಿ: ಅರೇಯ ಎಲ್ಲ ಎಂಟ್ರಿಗಳೂ ಷರತ್ತು ಪಾಸಾಗಿರಬೇಕು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮೂರ ಹಾಲಿನ ಡೇರಿಗೆ ಮೊಂಗೋಡಿಬಿ ಡೇಟಾಬೇಸ್ ಬಳಸಿ ಒಂದು ಚಿಕ್ಕ ಆ್ಯಪ್ ಮಾಡ್ತಾ ಇದ್ದೇನೆ. ಒಬ್ಬ ರೈತರಿಗೆ ಒಂದು ಡಾಕ್ಯುಮೆಂಟ್, ಅದರೊಳಗೆ 'ಹಾಲು' ಅನ್ನೋ ಅರೇ (ಎಂಟ್ರಿಗಳ ಪಟ್ಟಿ), ಪ್ರತಿ ಹೊತ್ತಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಅದರಲ್ಲಿರುತ್ತೆ.

ಫ್ಯಾಟ್ 3.5, ಎಸ್‌ಎನ್‌ಎಫ್ 8.5, ಎರಡೂ ಒಂದೇ ಹೊತ್ತಿನಲ್ಲಿ ದಾಟಿರಬೇಕು. ಮೊದಲು ಎರಡು ಷರತ್ತನ್ನೂ ಸುಮ್ನೆ 'ಹಾಲು.ಫ್ಯಾಟ್' ಥರ ಡಾಟ್ ಹಾಕಿ ಬೇರೆ ಬೇರೆಯಾಗಿ ಬರೆದೆ. ಒಬ್ಬರದ್ದು ಬೆಳಿಗ್ಗೆ 4.1 ಮತ್ತು 8.2, ಸಂಜೆ 3.4 ಮತ್ತು 8.6. ಯಾವ ಹೊತ್ತೂ ಪಾಸಿಲ್ಲ, ಆದರೂ ಲಿಸ್ಟಿನಲ್ಲಿ ಬಂದರು, ಯಾಕಂದ್ರೆ ಒಂದು ಷರತ್ತು ಬೆಳಗಿನ ಎಂಟ್ರಿಗೆ, ಇನ್ನೊಂದು ಸಂಜೆಯದಕ್ಕೆ ಹೊಂದಿಕೊಂಡಿತ್ತು. ಎಲ್ಲ ಷರತ್ತೂ ಒಂದೇ ಎಂಟ್ರಿಗೆ ಹೊಂದಬೇಕು ಅನ್ನೋ ಎಲೆಮ್‌ಮ್ಯಾಚ್ ಹಾಕಿದ ಮೇಲೆ ಅದು ಸರಿಹೋಯ್ತು.

ಈಗ ಸಿಕ್ಕಿಕೊಂಡಿರೋದು ಬೇರೆ ಕಡೆ. ಒಂದು ಹೊತ್ತೂ ತಪ್ಪದೆ ಎಲ್ಲ ಎಂಟ್ರಿಗಳೂ ಪಾಸಾದ ರೈತರು ಮಾತ್ರ ಬೇಕು. 'ಫ್ಯಾಟ್ ಕಡಿಮೆ ಅಥವಾ ಎಸ್‌ಎನ್‌ಎಫ್ ಕಡಿಮೆ' ಅಂತ ಆರ್ ಬರೆದು, ಅದನ್ನ ಎಲೆಮ್‌ಮ್ಯಾಚ್ ಒಳಗಿಟ್ಟು, ಹೊರಗೆ ನಾಟ್ ಹಾಕಿದ್ದೇನೆ, ಅಂದ್ರೆ ಅಂಥ ಎಂಟ್ರಿ ಒಂದೂ ಇರಬಾರದು. ಆದರೆ ಇನ್ನೂ ಹಾಲೇ ಹಾಕದ, ಅರೇ ಖಾಲಿ ಇರೋ ಹೊಸ ಸದಸ್ಯರೂ ಬರ್ತಾ ಇದ್ದಾರೆ. 'ಹಾಲು.0' ಎಕ್ಸಿಸ್ಟ್ಸ್ ಟ್ರೂ (ಮೊದಲ ಎಂಟ್ರಿ ಇರಲೇಬೇಕು) ಅಂತ ಸೇರಿಸಿದರೆ ಅವರು ಹೋಗ್ತಾರೆ, ಇದೇ ಸರಿಯಾದ ದಾರಿನಾ?

ಇನ್ನೊಂದು, ಫ್ಯಾಟ್-ಎಸ್‌ಎನ್‌ಎಫ್ ಮೇಲೆ ಕಾಂಪೌಂಡ್ ಇಂಡೆಕ್ಸ್ (ಬೇಗ ಹುಡುಕೋಕೆ ಎರಡೂ ಸೇರಿಸಿ ಮಾಡಿದ ಸೂಚಿ) ಇದೆ, ನಾಟ್ ಇರೋ ಕ್ವೆರಿಗೆ ಅದರಿಂದ ಏನಾದರೂ ಉಪಯೋಗ ಆಗುತ್ತಾ? ಇಲ್ಲಾಂದ್ರೆ ಹಾಲು ಬರೆಯುವಾಗಲೇ 'ತಪ್ಪಿದ ಹೊತ್ತು' ಅಂತ ಒಂದು ಎಣಿಕೆ ಇಟ್ಟುಕೊಳ್ಳೋದು ಒಳ್ಳೇದಾ? ಈ ಲಿಸ್ಟ್ ನೋಡಿಯೇ ರೈತರಿಗೆ ಹೆಚ್ಚಿನ ದುಡ್ಡು ಕೊಡೋದು, ತಪ್ಪಾಗಬಾರದು. ಮಾಡಿ ಗೊತ್ತಿದ್ದವರು ದಯವಿಟ್ಟು ಹೇಳಿ.