ದೇಜಾನ್ ನಿಲ್ದಾಣದ ನೂಡಲ್ಸ್‌ಗೆ ಏಕೆ ಇಷ್ಟು ಹೆಸರು?

ಅಲೆಮಾರಿ:
ಕೊರಿಯಾದಲ್ಲಿ ಸೋಲ್‌ನಿಂದ ಬುಸಾನ್‌ಗೆ ಹೋಗುತ್ತಿದ್ದೆ. ಪಕ್ಕದ ಸೀಟಿನ ಹಿರಿಯರು, ದೇಜಾನ್‌ನಲ್ಲಿ ಇಳಿದು ಗಾರಾಕ್ ಗುಕ್ಸು ತಿಂದೇ ಮುಂದೆ ಹೋಗಿ ಎಂದು ಪಟ್ಟು ಹಿಡಿದರು. ಇಳಿದೆ, ತಿಂದೆ. ಒಣಮೀನು ಕುದಿಸಿದ ತಿಳಿಸಾರು, ದಪ್ಪ ಎಳೆಗಳು, ಮೇಲೊಂದಿಷ್ಟು ಈರುಳ್ಳಿ ಸೊಪ್ಪು. ಚೆನ್ನಾಗಿತ್ತು, ಆದರೆ ಇದಕ್ಕೇಕೆ ಅಷ್ಟು ಸಂಭ್ರಮ? ಇಷ್ಟು ದೊಡ್ಡ ನಗರವಾದರೂ ನಿಲ್ದಾಣದ ಸುತ್ತ ಹಳೆಯ ಅರಮನೆ, ಊರಬಾಗಿಲು ಏನೂ ಕಾಣಲಿಲ್ಲವಲ್ಲ?

ಹಳಿಪುರಾಣ:
ಆ ಊರಿನಲ್ಲಿ ನಾಲ್ಕು ವರ್ಷ ಓದಿದವನು ನಾನು. ನಿಮ್ಮ ಎರಡು ಪ್ರಶ್ನೆಗೂ ರೈಲಿನಲ್ಲೇ ಉತ್ತರವಿದೆ.

ದೇಜಾನ್ ಎಂದರೆ 'ದೊಡ್ಡ ಹೊಲ'. 1905ರಲ್ಲಿ ಜಪಾನೀಯರು ಸೋಲ್–ಬುಸಾನ್ ಮಾರ್ಗ ತೆರೆದಾಗ ಅಲ್ಲಿ ಹೇಳಿಕೊಳ್ಳುವಂಥ ಪಟ್ಟಣವೇ ಇರಲಿಲ್ಲ. 1914ರಲ್ಲಿ ಮೋಕ್ಪೊ ಬಂದರಿನವರೆಗಿನ ಹೊನಾಮ್ ಮಾರ್ಗವೂ ಪೂರ್ತಿಯಾಗಿ, ಹೊಲ ಜಂಕ್ಷನ್ ಆಯಿತು. 1932ರಲ್ಲಿ ಪ್ರಾಂತ್ಯದ ಆಡಳಿತ ಕಚೇರಿಯೇ ಗೊಂಗ್ಜುವಿನಿಂದ ಇಲ್ಲಿಗೆ ಬಂತು. ಗೊಂಗ್ಜು ಎಂದರೆ ಒಂದು ಕಾಲದ ಬೇಕ್ಜೆ ರಾಜ್ಯದ ರಾಜಧಾನಿ! ನೀವು ಹುಡುಕಿದ ಹಳಮೆಯೆಲ್ಲ ಅಲ್ಲಿದೆ.

ಇನ್ನು ನೂಡಲ್ಸ್. ಸೋಲ್‌ನಿಂದ ಬಂದ ರೈಲು ಮೋಕ್ಪೊ ದಾರಿ ಹಿಡಿಯಬೇಕಾದರೆ ಬಂದ ದಿಕ್ಕಿಗೇ ಮುಖ ತಿರುಗಿಸಬೇಕಿತ್ತು. ಎಂಜಿನ್ ಬಿಚ್ಚಿ, ಇನ್ನೊಂದು ತುದಿಗೆ ತಂದು ಜೋಡಿಸುವಷ್ಟು ಹೊತ್ತು ಪ್ರಯಾಣಿಕರಿಗೆ ಬಿಡುವು. ಜನ ಪ್ಲಾಟ್‌ಫಾರ್ಮಿಗೆ ಧುಮುಕಿ, ಅಂಗಡಿಯ ಮುಂದೆ ನಿಂತೇ, ಬಾಯಿ ಸುಟ್ಟುಕೊಂಡು ಉಣ್ಣುತ್ತಿದ್ದರು. ಕಣ್ಣು ಬಟ್ಟಲಿನ ಮೇಲೆ, ಕಿವಿ ಸೀಟಿಯ ಕಡೆಗೆ. ರುಚಿಯ ಅರ್ಧ ಪಾಲು ಆ ಅವಸರದ್ದು ಎಂಬುದು ನನ್ನ ಅನುಮಾನ.

ಅಲೆಮಾರಿ:
ಈಗಲೂ ಹಾಗೆ ಎಂಜಿನ್ ಬದಲಿಸುತ್ತಾರೆಯೇ?

ಹಳಿಪುರಾಣ:
ಇಲ್ಲ. 1978ರಲ್ಲಿ ನೇರ ಸಂಪರ್ಕದ ಹಳಿ ಬಂದು, ಹೊನಾಮ್ ರೈಲುಗಳು ಈ ನಿಲ್ದಾಣಕ್ಕೆ ಬಾರದೆ ಅದೇ ಊರಿನ ಇನ್ನೊಂದು ನಿಲ್ದಾಣವಾದ ಸೊದೇಜಾನ್ ಮೂಲಕವೇ ಹೋಗತೊಡಗಿದವು. 2004ರಿಂದ ಕೆಟಿಎಕ್ಸ್ ಎಂಬ ಅತಿವೇಗದ ರೈಲು ಓಡುತ್ತಿದೆ. ಅದು ನಿಲ್ಲುವ ಹೊತ್ತಿನಲ್ಲಿ ಸಾರು ಆರುವುದೂ ಇಲ್ಲ.

ಬೆಣ್ಣೆಬನ್ನು:
ಬ್ರೆಡ್ಡಿನ ಕಥೆ ಬಿಟ್ಟಿರಲ್ಲ ಹಳಿಪುರಾಣ ಅವರೇ! ಕೊರಿಯಾ ಯುದ್ಧದಲ್ಲಿ ಉತ್ತರದಿಂದ ಓಡಿಬಂದ ಕುಟುಂಬವೊಂದು ಸೋಲ್‌ಗೆ ಹೊರಟಿದ್ದಾಗ ರೈಲು ದೇಜಾನ್‌ನಲ್ಲಿ ಕೆಟ್ಟು ನಿಂತಿತು. ಚರ್ಚಿನ ಪಾದ್ರಿ ಕೊಟ್ಟ ಎರಡು ಮೂಟೆ ಗೋಧಿಹಿಟ್ಟಿನಿಂದ 1956ರಲ್ಲಿ ನಿಲ್ದಾಣದೆದುರು ಹಬೆಯಲ್ಲಿ ಬೇಯಿಸಿದ ಬನ್ನು ಮಾರಲು ಕುಳಿತರು. ಇಂದಿನ ಸಂಗ್‌ಸಿಮ್‌ದಾಂಗ್ ಬೇಕರಿ ಅದೇ. ಅದರ ಚೀಲ ಹಿಡಿಯದೆ ದೇಜಾನ್‌ನಿಂದ ರೈಲು ಹತ್ತುವವರೇ ಅಪರೂಪ.

ಅಲೆಮಾರಿ:
ಅಯ್ಯೋ, ಆ ಚೀಲಗಳನ್ನು ಕಂಡು ಯಾವುದೋ ಮದುವೆಯ ದಿಬ್ಬಣವೆಂದುಕೊಂಡಿದ್ದೆ. ನೂಡಲ್ಸನ್ನೂ ಅರ್ಧ ಗಂಟೆ ಕುಳಿತು ತಿಂದೆ.