ಪದಚರ್ಚೆ: ಮಾರ್ಟ್‌ಗೇಜ್ ಎಂದರೆ ಅಡಮಾನವೇ, ಋಣಭಾರವೇ? ‘ಸಂಚಕಾರ’ವನ್ನು ಮತ್ತೆ ಬಳಸಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾನೂ ನನ್ನ ಗಂಡನೂ ಒಂದು ಮನೆ ಕೊಳ್ಳುತ್ತಿದ್ದೇವೆ. ಕೈಯಿಂದ ಹಾಕಬೇಕಾದ ಹಣದಲ್ಲಿ ಒಂದು ಪಾಲನ್ನು ಅರಸೀಕೆರೆಯಲ್ಲಿರುವ ಅಪ್ಪ ಕೊಡುತ್ತಿದ್ದಾರೆ. ಹಾಗೆ ಹೆತ್ತವರು ಹಣ ಕೊಟ್ಟರೆ, ಅದು ಸಾಲವಲ್ಲ, ಮನೆಯ ಮೇಲೆ ತಮಗೆ ಹಕ್ಕಿಲ್ಲ ಎಂದು ಅವರು ರುಜು ಮಾಡಿದ ಪತ್ರವನ್ನು ಇಲ್ಲಿನ ಸಾಲದ ಸಂಸ್ಥೆಗಳು ಕೇಳುತ್ತವೆ. ಅಪ್ಪ ಮೂವತ್ತು ವರ್ಷ ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಸಾಲಿನಲ್ಲಿ ಪತ್ರ ಬರಹಗಾರರಾಗಿದ್ದವರು. ಪ್ರತಿ ಪದದ ಅರ್ಥ ತಿಳಿಯದೆ ಯಾವ ಕಾಗದಕ್ಕೂ ರುಜು ಹಾಕುವವರಲ್ಲ. ಆದ್ದರಿಂದ ಇಲ್ಲಿನ ಕಾಗದಗಳನ್ನೆಲ್ಲ ಅವರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ, ನಿಮ್ಮ ನೆರವು ಬೇಕು.

ಮೊದಲನೆಯದು ಮಾರ್ಟ್‌ಗೇಜ್, ಇಲ್ಲಿನ ಆಡುಮಾತಿನಲ್ಲಿ ಕೊಳ್ಳುವ ಮನೆಯನ್ನೇ ಭದ್ರತೆಯಾಗಿಟ್ಟು ಪಡೆಯುವ ಸಾಲ. ಫೋನಿನಲ್ಲಿ ‘ಅಡಮಾನ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಕೊಂಡ ದಿನವೇ ಅಡಮಾನವೇ ಮಗಳೇ? ಇರುವುದನ್ನು ಕಷ್ಟಕ್ಕೆ ಅಡವಿಡುತ್ತಾರೆ. ಇನ್ನೂ ಕೈಗೆ ಬಾರದ್ದನ್ನು ಹೇಗೆ ಇಡುತ್ತೀ?” ಎಂದರು. ಅವರ ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮಲ್ಲಿ ಅಡಮಾನ ಎಂದೊಡನೆ ಕಣ್ಣಿಗೆ ಬರುವುದು ಬೆಳೆ ಕೈಕೊಟ್ಟ ವರ್ಷ, ಮಗಳ ಮದುವೆ, ಆಸ್ಪತ್ರೆಯ ಖರ್ಚು. ಮನೆ ಕೊಳ್ಳಲು ಪಡೆದದ್ದನ್ನು ‘ಗೃಹಸಾಲ’ ಎನ್ನುತ್ತೇವೆ. ಅಲ್ಲಿಯೂ ಮನೆ ಬ್ಯಾಂಕಿನ ಹಿಡಿತದಲ್ಲಿಯೇ ಇರುತ್ತದೆ, ಆದರೆ ಪದ ಅದನ್ನು ಹೇಳುವುದಿಲ್ಲ. ರುಜು ಹಾಕುವವರಿಗೆ ಆ ಹಿಡಿತ ಪದದಲ್ಲಿಯೇ ಕಾಣಬೇಕು ಎಂಬುದು ನನ್ನ ನಿಲುವು.

ಕನ್ನಡದಲ್ಲಿ ಇದಕ್ಕೆ ಪದಗಳಿಗೇನೂ ಬರವಿಲ್ಲ. ಅಡವು, ಅಡಮಾನ, ಒತ್ತೆ, ಭೋಗ್ಯ, ಫಾರಸಿಯಿಂದ ಬಂದ ಗಿರವಿ, ಅಪ್ಪನ ಹಳೆಯ ಕಡತಗಳಲ್ಲಿರುವ ‘ಆಧಾರ ಪತ್ರ’. ಒಂದೊಂದಕ್ಕೂ ಒಂದೊಂದು ಜಾಗ. ಗಿರವಿ ಒಡವೆಯ ಅಂಗಡಿಯಲ್ಲಿ ಉಳಿದಿದೆ. ಒತ್ತೆ ಪತ್ರಿಕೆಗಳ ‘ಒತ್ತೆಯಾಳು’ವಿನಲ್ಲಷ್ಟೇ ಹೆಚ್ಚಾಗಿ ಕಾಣುತ್ತದೆ, ಆದರೆ ಅದರ ನಂಟಿನ ‘ಒತ್ತಿ’ ತಮಿಳು, ಮಲಯಾಳಗಳಲ್ಲಿ ಸ್ವಾಧೀನ ಬಿಟ್ಟುಕೊಟ್ಟು ಮಾಡುವ ಅಡಮಾನಕ್ಕೆ ಹೆಸರು. ನಮ್ಮಲ್ಲಿ ಆ ಕೆಲಸ ಭೋಗ್ಯದ್ದು. ಧರ್ಮಶಾಸ್ತ್ರಗಳು ಒತ್ತೆಯನ್ನು ಗೋಪ್ಯ, ಭೋಗ್ಯ ಎಂದು ಎರಡಾಗಿ ಹೇಳುತ್ತವೆ: ಬರಿದೆ ಕಾಪಾಡಿ ಇಡುವುದು ಒಂದು, ಸಾಲ ಕೊಟ್ಟವನು ಅನುಭವಿಸುವುದು ಇನ್ನೊಂದು. ಬೆಂಗಳೂರಿನ ಗೇಟುಗಳ ಮೇಲೆ ‘ಮನೆ ಭೋಗ್ಯಕ್ಕಿದೆ’ ಎಂದು ಬರೆದು ತೂಗುಹಾಕುವಾಗ ಆ ಪದವೇ ಬಾಡಿಗೆಯಿಲ್ಲದೆ ಇಡುಗಂಟಿನ ಮೇಲೆ ವಾಸಕ್ಕೆ ಕೊಡುವುದು ಎಂಬ ಅರ್ಥಕ್ಕೆ ಬಂದಿದೆ.

ಇಂಗ್ಲಿಷ್ ಪದದ ಹುಟ್ಟೂ ಇದಕ್ಕೆ ಹತ್ತಿರವಾಗಿದೆ. ಹಳೆಯ ಫ್ರೆಂಚಿನಲ್ಲಿ ‘ಮಾರ್ಟ್’ ಎಂದರೆ ಸತ್ತ, ‘ಗೇಜ್’ ಎಂದರೆ ಒತ್ತೆ. ಭೂಮಿಯ ಉತ್ಪತ್ತಿ ಸಾಲಕ್ಕೆ ವಜಾ ಆಗುತ್ತ ಹೋದರೆ ಅದು ಜೀವಂತ ಒತ್ತೆ, ಉತ್ಪತ್ತಿಯೆಲ್ಲ ಸಾಲ ಕೊಟ್ಟವನ ಪಾಲಾಗಿ ಅಸಲು ಹಾಗೆಯೇ ಉಳಿದರೆ ಸತ್ತ ಒತ್ತೆ. ನಮ್ಮ ಊರುಗಳಲ್ಲಿ ಭೋಗ್ಯಕ್ಕೆ ಹೋದ ಗದ್ದೆ ಎರಡು ತಲೆಮಾರು ಹಿಂತಿರುಗದ ಕಥೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಬೆರಗುಗೊಳಿಸಿದ ಸಂಗತಿ ಬೇರೆ. ಭಾರತದ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮು ಆರು ಬಗೆಯ ಅಡಮಾನಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದರ ಹೆಸರೇ ‘ಇಂಗ್ಲಿಷ್ ಅಡಮಾನ’: ಸ್ವತ್ತನ್ನು ಸಾಲ ಕೊಟ್ಟವರ ಹೆಸರಿಗೇ ಪೂರ್ತಿ ವರ್ಗಾಯಿಸುವುದು, ಸಾಲ ತೀರಿದಾಗ ಮರಳಿ ಬರೆಸಿಕೊಳ್ಳುವುದು. ನಮ್ಮ ಕಾಯ್ದೆಯಲ್ಲಿ ಇಂದಿಗೂ ಉಳಿದಿರುವ ಆ ಬಗೆ ಇಂಗ್ಲೆಂಡಿನಲ್ಲಿಯೇ ಇಲ್ಲ. 1925ರ ಸ್ವತ್ತಿನ ಕಾಯ್ದೆ ಅದನ್ನು ನಿಲ್ಲಿಸಿತು. ಈಗ ಮನೆ ನಮ್ಮ ಹೆಸರಿನಲ್ಲಿಯೇ ಇರುತ್ತದೆ. ಭೂನೋಂದಣಿ ದಾಖಲೆಯ ಮೂರು ಭಾಗಗಳಲ್ಲಿ ಕೊನೆಯದರಲ್ಲಿ ಸಾಲದ ಸಂಸ್ಥೆಯ ಹೆಸರು ಏರುತ್ತದೆ, ಸಾಲ ತೀರಿದಾಗ ಇಳಿಯುತ್ತದೆ. ಕಂತು ತಪ್ಪಿದರೆ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಮಾರುವ ಅಧಿಕಾರವೂ ಆ ನಮೂದಿನ ಬೆನ್ನಿಗಿದೆ.

ಇಷ್ಟನ್ನು ವಿವರಿಸಿದಾಗ ಅಪ್ಪ ಒಂದೇ ಮಾತಿನಲ್ಲಿ, “ಅದು ಋಣಭಾರ” ಎಂದರು. ಸಾವಿರಾರು ಋಣಭಾರ ಪತ್ರಗಳನ್ನು ತೆಗೆಸಿ ಓದಿದ ಅವರಿಗೆ ಆ ಪದ ತಾನಾಗಿ ಬಂತು. ನನಗೂ ಅದೇ ಸರಿ ಎನ್ನಿಸುತ್ತದೆ. ಅಡಮಾನದಲ್ಲಿ ಏನನ್ನೋ ಎತ್ತಿ ಕೊಟ್ಟ ಭಾವವಿದೆ. ಋಣಭಾರದಲ್ಲಿ ಮನೆ ನನ್ನದೇ, ಅದರ ಮೇಲೊಂದು ಹೊರೆ ಇದೆ. ‘ಋಣಭಾರದ ಸಾಲ’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಇದರ ಜೊತೆಗೇ ಇನ್ನೊಂದು ತೊಡಕಿದೆ. ‘ಬ್ಯಾಂಕ್ ನಮಗೆ ಮಾರ್ಟ್‌ಗೇಜ್ ಕೊಟ್ಟಿತು’ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಕಾನೂನಿನಲ್ಲಿ ಅದು ತಿರುಗುಮುರುಗು. ಬ್ಯಾಂಕ್ ಕೊಡುವುದು ಸಾಲ, ಮಾರ್ಟ್‌ಗೇಜ್ ಕೊಡುವವರು ನಾವು. ಕನ್ನಡದಲ್ಲಿ ‘ಅಡಮಾನ ಕೊಡುವ ಸಂಸ್ಥೆ’ ಎಂದು ಬರೆದದ್ದನ್ನು ನೋಡಿದ್ದೇನೆ, ಅಪ್ಪನಂಥವರು ಅದನ್ನು ಓದಿದರೆ ಬ್ಯಾಂಕೇ ಮನೆಯನ್ನು ಅಡವಿಟ್ಟಿತೆಂದು ತಿಳಿಯುತ್ತಾರೆ. ‘ಅಡಮಾನದಾರ’ ಎಂದರೆ ಇಟ್ಟವನೋ ಇಟ್ಟುಕೊಂಡವನೋ ಗೊತ್ತಾಗುವುದಿಲ್ಲ. ಆಡುಮಾತು ಎಷ್ಟು ಚೊಕ್ಕ ನೋಡಿ: ಅಡವು ಇಟ್ಟವರು, ಅಡವು ಹಿಡಿದವರು. ‘ಹಿಡಿ’ ಎಂಬ ಒಂದು ಕ್ರಿಯಾಪದ ಗೊಂದಲವನ್ನೆಲ್ಲ ತೀರಿಸುತ್ತದೆ.

ಎರಡನೆಯದು ಕನ್ವೇಯನ್ಸಿಂಗ್ ಸಾಲಿಸಿಟರ್, ಮನೆಯ ಕ್ರಯದ ಕಾನೂನು ಕೆಲಸ ನೋಡಿಕೊಳ್ಳುವವರು. “ಅವರು ಬರೆಯುವವರೇ, ವಾದಿಸುವವರೇ? ಯಾರ ಕಡೆಯವರು?” ಎಂದು ಅಪ್ಪ ಕೇಳಿದರು. ಊರಿನಲ್ಲಿ ಬ್ಯಾಂಕಿನ ಪಟ್ಟಿಯ ವಕೀಲರು ಬ್ಯಾಂಕಿಗೆ ಅಭಿಪ್ರಾಯ ಕೊಡುತ್ತಾರೆ, ಪತ್ರವನ್ನು ಇನ್ನೊಬ್ಬರು ಬರೆಯುತ್ತಾರೆ, ನೋಂದಣಿಗೆ ನಾವೇ ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತುತ್ತೇವೆ. ಇಲ್ಲಿ ಈ ಒಬ್ಬರೇ ಹಕ್ಕಿನ ದಾಖಲೆ ನೋಡುತ್ತಾರೆ, ಪುರಸಭೆಯ ಮತ್ತು ಒಳಚರಂಡಿಯ ವಿಚಾರಣೆ ಮಾಡಿಸುತ್ತಾರೆ, ಸಾಲದ ಹಣವನ್ನು ಕಕ್ಷಿದಾರರ ಹಣಕ್ಕೆಂದೇ ತಾವು ಇಟ್ಟಿರುವ ಖಾತೆಗೆ ತರಿಸಿಕೊಂಡು ಮಾರುವವರ ವಕೀಲರಿಗೆ ಕಳಿಸುತ್ತಾರೆ, 14 ದಿನಗಳೊಳಗೆ ಮುದ್ರಾಂಕ ತೆರಿಗೆಯ ಲೆಕ್ಕ ಸಲ್ಲಿಸುತ್ತಾರೆ, ನೋಂದಣಿ ಮಾಡಿಸುತ್ತಾರೆ. ಸಾಮಾನ್ಯವಾಗಿ ಕೊಳ್ಳುವವರಿಗೂ ಸಾಲದ ಸಂಸ್ಥೆಗೂ ಇವರೇ ವಕೀಲರು. ಅಂದರೆ ಸಾಲದ ಸಂಸ್ಥೆಗೆ ತಿಳಿಯಬೇಕಾದ ಸಂಗತಿ ಹೊರಬಿದ್ದರೆ, ನಮ್ಮ ಒಪ್ಪಿಗೆ ಪಡೆದು ಅದನ್ನು ತಿಳಿಸಬೇಕು. ನಾವು ಒಪ್ಪದಿದ್ದರೆ ಆ ಸಂಸ್ಥೆಯ ಪರವಾದ ಕೆಲಸವನ್ನು ಬಿಡಬೇಕಾಗುತ್ತದೆ.

ನಾನು ‘ಕ್ರಯದ ವಕೀಲರು’ ಎಂದು ಬರೆದಿದ್ದೇನೆ. ‘ವಕೀಲ’ನೆಂದರೆ ನ್ಯಾಯಾಲಯದಲ್ಲಿ ವಾದಿಸುವವನಲ್ಲವೇ ಎಂದು ಗೆಳತಿಯೊಬ್ಬಳ ಆಕ್ಷೇಪ. ಆದರೆ ಅರಬ್ಬಿಯಲ್ಲಿ ಆ ಪದದ ಮೂಲಾರ್ಥ ಇನ್ನೊಬ್ಬರ ಪರವಾಗಿ ನಡೆದುಕೊಳ್ಳುವವನು. ಹೈದರ್, ಟಿಪ್ಪು ಕಾಲದಲ್ಲಿ ಬೇರೆ ದೊರೆಗಳ ದರ್ಬಾರಿಗೆ ಹೋಗುತ್ತಿದ್ದ ರಾಯಭಾರಿಗಳೂ ವಕೀಲರೇ. ಆ ಹಳೆಯ ಅರ್ಥದಲ್ಲಿ ಇವರು ಅಚ್ಚುಕಟ್ಟಾದ ವಕೀಲರು.

ಮೂರನೆಯದು ಡೆಪಾಸಿಟ್, ಕರಾರಿನ ಹೊತ್ತಿಗೆ ಕಟ್ಟುವ ಹಣ. ಈ ಪದಕ್ಕಾಗಿ ನಾನು ಮನಸಾರೆ ಕೇಳಿಕೊಳ್ಳುತ್ತಿದ್ದೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೆಲೆ ಒಪ್ಪಿದ ಮಾತ್ರಕ್ಕೆ ಯಾರೂ ಕಟ್ಟುಬೀಳುವುದಿಲ್ಲ. ವಾರಗಟ್ಟಲೆ ಓಡಾಡಿದ ಮೇಲೂ ಮಾರುವವರು ಕೈಬಿಡಬಹುದು, ನಾವೂ ಬಿಡಬಹುದು. ಒಂದೇ ಒಕ್ಕಣೆಯ ಎರಡು ಪ್ರತಿಗಳಿಗೆ ಎರಡೂ ಕಡೆಯವರು ಬೇರೆಬೇರೆಯಾಗಿ ರುಜು ಹಾಕಿ, ವಕೀಲರು ಫೋನಿನಲ್ಲಿ ಅವು ಅದಲುಬದಲಾದವೆಂದು ಒಪ್ಪಿಕೊಂಡ ಗಳಿಗೆಯಲ್ಲಿ ಮಾತು ಕರಾರಾಗುತ್ತದೆ. ಆಗ ಕಟ್ಟುವ ಹಣ ಸಾಮಾನ್ಯವಾಗಿ ಕ್ರಯದ ಶೇಕಡಾ 10. ಅಲ್ಲಿಂದ ಮುಂದೆ ನಾವು ಹಿಂದೆ ಸರಿದರೆ ಅದು ಹೋಯಿತು. ‘ಮುಂಗಡ’ ಎಂದು ಬರೆದಿದ್ದೆ. ಅಪ್ಪ ಅದನ್ನು ತಿದ್ದಿ, “ಮುಂಗಡ ಬೆಲೆಯ ಒಂದು ಭಾಗ, ಅಷ್ಟೇ. ಮಾತು ತಪ್ಪಿದರೆ ಮುಳುಗುವ ದುಡ್ಡಿಗೆ ಸಂಚಕಾರ ಎನ್ನುತ್ತಾರೆ” ಎಂದರು.

ನಾನು ಬೆಚ್ಚಿದೆ. ಪತ್ರಿಕೆ ಓದಿ ಬೆಳೆದ ನನಗೆ ಸಂಚಕಾರವೆಂದರೆ ‘ಪ್ರಾಣಕ್ಕೆ ಸಂಚಕಾರ’, ಕುತ್ತು. ಹಳೆಯ ನಿಘಂಟುಗಳನ್ನು ತೆರೆದರೆ ಅಪ್ಪನ ಅರ್ಥವೇ ಇದೆ: ಸಂಸ್ಕೃತದ ‘ಸತ್ಯಂಕಾರ’ದ ತದ್ಭವ, ವ್ಯಾಪಾರದ ಮಾತನ್ನು ಸತ್ಯ ಮಾಡಲು ಕೊಡುವ ಹಣ. ನುಡಿದದ್ದನ್ನು ನಿಜ ಮಾಡುವ ಪದ ಕೇಡಿನ ಪದವಾದದ್ದು ಹೇಗೆ? ಮುಳುಗಿಹೋದ ಸಂಚಕಾರಗಳೇ ಹೆಚ್ಚು ಮಾತಾಗಿ, ಹಣದ ಅರ್ಥ ಮರೆಯಾಗಿ, ಕಳೆದುಕೊಳ್ಳುವ ಭಯವಷ್ಟೇ ಪದದಲ್ಲಿ ಉಳಿಯಿತೇ? ಇದು ನನ್ನ ಊಹೆ. ದನದ ಸಂತೆಯಲ್ಲೋ ಅಡಿಕೆ, ಕೊಬ್ಬರಿ ವ್ಯಾಪಾರದಲ್ಲೋ ಹಳೆಯ ಅರ್ಥದ ಬಳಕೆ ನಿಮ್ಮ ಕಡೆ ಇದ್ದರೆ ವಾಕ್ಯ ಸಮೇತ ಬರೆಯಿರಿ.

ಕೊನೆಯದಾಗಿ ಅಪ್ಪ ರುಜು ಮಾಡಬೇಕಾದ ಆ ಕಾಗದ. ‘ದಾನಪತ್ರ’ ಎಂದರೆ ಊರಿನಲ್ಲಿ ಜಮೀನು, ಮನೆ ಬರೆದುಕೊಡುವ ನೋಂದಣಿಯ ಪತ್ರವಾಗುತ್ತದೆ. “ಅಲ್ಲದೆ ಮಗಳಿಗೆ ಕೊಡುವುದು ದಾನವಲ್ಲ” ಎಂದು ಅಮ್ಮ ಹಿಂದಿನಿಂದ ಹೇಳಿದರು. ‘ಉಡುಗೊರೆ’ ಎಂದರೆ ಇಷ್ಟು ದೊಡ್ಡ ಮೊತ್ತಕ್ಕೆ ಹಗುರವಾಗುತ್ತದೆ. ಅಪ್ಪ ತಮ್ಮ ಹಳೆಯ ಒಕ್ಕಣೆಯಲ್ಲಿ ಕನ್ನಡ ಪಾಠವನ್ನು ಹೀಗೆ ಬರೆಸಿದ್ದಾರೆ:

“ಈ ಹಣವನ್ನು ನನ್ನ ಮಗಳಿಗೆ ಪ್ರೀತಿ ವಿಶ್ವಾಸಗಳಿಂದ ಕೊಟ್ಟಿರುತ್ತೇನೆ. ಇದು ಸಾಲವಲ್ಲ, ಹಿಂದಕ್ಕೆ ಕೇಳತಕ್ಕದ್ದಲ್ಲ. ಇದರಿಂದ ಕೊಳ್ಳುವ ಮನೆಯ ಮೇಲೆ ನನಗಾಗಲೀ ನನ್ನ ನಂತರದವರಿಗಾಗಲೀ ಯಾವ ಹಕ್ಕು ಬಾಧ್ಯತೆಯೂ ಇರುವುದಿಲ್ಲ.”

‘ನನ್ನ ನಂತರದವರು’ ಎಂಬುದರಲ್ಲಿ ನಾನೂ ಸೇರಿಬಿಡುತ್ತೇನಲ್ಲವೇ? ನನ್ನ ಮನೆಯ ಮೇಲೆ ನನಗೇ ಹಕ್ಕಿಲ್ಲ ಎಂದಾಗದಂತೆ ಈ ಸಾಲನ್ನು ಹೇಗೆ ತಿದ್ದಲಿ? ಬರುವ ಗುರುವಾರ ಅಪ್ಪ ರುಜು ಹಾಕುತ್ತಾರೆ.